ಬಿಸಿ ಮೂಸೆಯ ತೂಕ

ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಕೆಂಧೂಳು ಕೂತು ಕೂತು ತನ್ನ ಬಣ್ಣವನ್ನೇ ಮರೆತ ಒಂದು ಶೀಟಿನ ಕಟ್ಟಡವಿತ್ತು. ಗಣಿಯಿಂದ ಬಂದ ಕಬ್ಬಿಣದ ಅದಿರನ್ನು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಎಂದರೆ ಕಲ್ಲಿಗೆ ಕೊಡುವ ಚಿತ್ರಹಿಂಸೆಯೇ ಸರಿ. ಮೊದಲು ಯಂತ್ರದ ದವಡೆಗೆ ಕೊಟ್ಟು ಅಗಿಸುತ್ತಾರೆ. ಆಮೇಲೆ ಕಬ್ಬಿಣದ ಒರಳಿಗೆ ಹಾಕಿ, ಕಬ್ಬಿಣದ ಒನಕೆಯಿಂದಲೇ ಕುಟ್ಟಿ ಹಿಟ್ಟು ಮಾಡುತ್ತಾರೆ. ಆ ಹಿಟ್ಟನ್ನು ಆಸಿಡ್ಡಿನಲ್ಲಿ ಬೇಯಿಸುತ್ತಾರೆ. ಕಬ್ಬಿಣ ಕರಗಿ ನೀರಾಗುತ್ತದೆ, ಮಣ್ಣು ಮರಳಿನ ಅಂಶ ಮಾತ್ರ ಕರಗದೆ ತಳ ಹಿಡಿಯುತ್ತದೆ. ಅದನ್ನು ಕಾಗದದಲ್ಲಿ ಸೋಸಿ, ಕಾಗದದ ಸಮೇತ ಬಿಳಿ ಪಿಂಗಾಣಿಯ ಮೂಸೆಗೆ ಹಾಕಿ ಕುಲುಮೆಯೊಳಗೆ ಇಡುತ್ತಾರೆ. ಬೂದಿಯೂ ಉಳಿಯದಂತೆ ಉರಿದುಹೋಗುವ ಕಾಗದ ಅದು. ಕೊನೆಗೆ ಮೂಸೆಯ ತಳದಲ್ಲಿ ಒಂದು ಚಿಟಿಕೆ ಪುಡಿ ಉಳಿಯುತ್ತದೆ. ಬರಿ ಮೂಸೆಯ ತೂಕ ಮೊದಲೇ ತೆಗೆದಿಟ್ಟಿರುತ್ತಾರಾದ್ದರಿಂದ, ಈಗ ಎಷ್ಟು ಹೆಚ್ಚು ತೂಗಿತೋ ಅಷ್ಟು ಮಣ್ಣು ಆ ಅದಿರಿನಲ್ಲಿತ್ತು ಎಂದು ಲೆಕ್ಕ.

ಆ ಕೊನೆಯ ತೂಕ ಸರ್ವಮಂಗಳಳ ಕೆಲಸ.

ಸರ್ವಮಂಗಳ ಭರಮಸಾಗರದ ಕೆರೆ ಕೆಳಗಿನ ಮನೆಯವಳು. ಮೈನೆರೆದ ಮೇಲೆ ಶಾಲೆ ಬಿಡಿಸಿ ಹೊಸದುರ್ಗದ ಕಡೆ ಕೊಟ್ಟರು. ಗಂಡ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುವವನು. ನೊಗದ ಗೂಟ, ಬಾರುಕೋಲು, ಒಮ್ಮೆ ಒಲೆಯ ಮೇಲಿನ ರೊಟ್ಟಿ ಹಂಚು. ತವರಿಗೆ ಬಂದಾಗಲೆಲ್ಲ ಹಿರಿಯರು ಹೊಂದಿಕೊಂಡು ಹೋಗಬೇಕಮ್ಮ ಎಂದು ಬಸ್ಸು ಹತ್ತಿಸಿ ಕಳಿಸುತ್ತಿದ್ದರು. ಹೊಂದಿಕೊಳ್ಳಲಾರದೆ ಹೋದವನು ತಮ್ಮ ಕಲ್ಲೇಶ್. ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ ಒಂದು ಮಧ್ಯಾಹ್ನ ಬಸ್ಸಿಳಿದು ಬಂದು, ಭಾವನನ್ನು ಅಂಗಳದಲ್ಲಿ ಕೆಡವಿ, ಅದೇ ಬಾರುಕೋಲು ಕಿತ್ತುಕೊಂಡು ಅವನ ಮುಂಗೈ ಮೂಳೆ ಲಟಕ್ಕೆನ್ನುವವರೆಗೆ ಬಡಿದ. ಆಮೇಲೆ ಅಕ್ಕನ ಟ್ರಂಕನ್ನು ಹೆಗಲಿಗೇರಿಸಿದ. ಬೀದಿಯ ಜನ ಬುದ್ಧಿ ಹೇಳಲು ಬಂದರು. ಅವನು ನಿಂತು ಹೇಳಿದ್ದು ಒಂದೇ ಮಾತು.

"ಅವ್ನು ಹೊಡಿಯೋವಾಗ ಎಲ್ಲಿದ್ರಿ? ಈಗ್ಲೂ ಅಲ್ಲೇ ಇರ್ರಿ."

ಆ ಬಳಿಕ ಅಕ್ಕ ತಮ್ಮ ಹೊಳಲ್ಕೆರೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಅವನು ಗಣಿ ಗುತ್ತಿಗೆದಾರ ಮರುಳಸಿದ್ದಪ್ಪನ ಅದಿರಿನ ರಾಶಿ ಕಾಯುವ ಮೇಸ್ತ್ರಿಯಾದ. ಲಾರಿಗೆ ಯಾವ ರಾಶಿಯಿಂದ ತುಂಬಬೇಕು, ಯಾರು ತುಂಬಬೇಕು ಎನ್ನುವುದೆಲ್ಲ ಅವನ ಕೈಯಲ್ಲಿ. ಇವಳು ಪರೀಕ್ಷೆ ಕಟ್ಟಡದಲ್ಲಿ ಕಸ ಗುಡಿಸಲು ಸೇರಿದಳು. ಅಲ್ಲಿನ ಕೆಮಿಸ್ಟ್ ದಿವ್ಯಾ ದಾವಣಗೆರೆಯ ಹುಡುಗಿ, ಎಂಎಸ್‌ಸಿ ಓದಿದವಳು, ಮಾತು ಕಡಿಮೆ. ಗುಡಿಸುವವಳ ಕೈ ನಡುಗುವುದಿಲ್ಲ, ಗಾಜಿನ ಸಾಮಾನು ಒಂದೂ ಒಡೆದಿಲ್ಲ ಎನ್ನುವುದನ್ನು ನೋಡಿ ಪೊರಕೆ ಬಿಡಿಸಿ ಇಕ್ಕಳ ಹಿಡಿಸಿದವಳು ಅವಳೇ.

ಮೊದಲ ಪಾಠ, ಬಿಸಿ ಮೂಸೆಯನ್ನು ತೂಗಬಾರದು. ಕುಲುಮೆಯಿಂದ ತೆಗೆದ ಮೂಸೆಯನ್ನು, ತೇವ ಹೀರುವ ಹರಳು ಹಾಕಿದ ದಪ್ಪ ಗಾಜಿನ ಜಾಡಿಯೊಳಗೆ ಇಟ್ಟು ಮುಚ್ಚಬೇಕು. ಪೂರಾ ಆರಿದ ಮೇಲೆಯೇ ತಕ್ಕಡಿಯ ಗಾಜಿನ ಗೂಡಿಗೆ ಇಡಬೇಕು. ಬಿಸಿ ಇದ್ದಾಗ ಇಟ್ಟರೆ ಸುತ್ತಲ ಗಾಳಿ ಕಾದು ಮೇಲೇಳುತ್ತದೆ, ಮೂಸೆಯನ್ನೂ ಕೊಂಚ ಎತ್ತಿದ ಹಾಗಾಗಿ ತೂಕ ಕಡಿಮೆ ತೋರಿಸುತ್ತದೆ. ಆರುತ್ತ ಆರುತ್ತ ಅಂಕಿ ಮೇಲೇರುತ್ತದೆ. ದಿವ್ಯಾ ಇದನ್ನು ವಿವರಿಸಿದಾಗ ಸರ್ವಮಂಗಳ ನಕ್ಕಿದ್ದಳು. ಸಿಟ್ಟಿನಲ್ಲಿರುವ ಗಂಡಸಿನ ಹತ್ತಿರ ಮಾತು ಕೇಳಿದಂಗೆ ಬಿಡ್ರಿ ಮೇಡಂ, ಆರೋ ತನಕ ಅದಕ್ಕೆ ಬೆಲೆ ಇಲ್ಲ ಅಂದಿದ್ದಳು. ಆ ಜಾಡಿಗೆ ಸಿಟ್ಟಿಳಿಸೋ ಜಾಡಿ ಎಂದು ಹೆಸರಿಟ್ಟವಳೂ ಅವಳೇ. ಆಮೇಲೆ ದಿವ್ಯಾಳೂ ಹಾಗೇ ಕರೆಯತೊಡಗಿದಳು.

ದಸರೆ ರಜೆ ಮುಗಿದು ಕೆಲಸ ಶುರುವಾದ ವಾರದಲ್ಲಿ ಮರುಳಸಿದ್ದಪ್ಪನ ಅದಿರು ಪರೀಕ್ಷೆಗೆ ಬಂತು. ಮಣ್ಣಿನ ಅಂಶ ಎಂದೂ ಇಲ್ಲದಷ್ಟು ಏರಿತ್ತು. ದಿವ್ಯಾ ಹುಬ್ಬು ಗಂಟಿಕ್ಕಿ ಅದೇ ಅದಿರಿನ ಎರಡನೇ ಪಾಲನ್ನು ಆಸಿಡ್ಡಿಗೆ ಹಾಕಿದಳು. ಅಷ್ಟರೊಳಗೆ ಮೊದಲ ಪಾಲಿನ ಸುದ್ದಿ ಕೊಳ್ಳುವವರ ಕಿವಿಗೆ ಬಿದ್ದು, ಅವರು ಅಷ್ಟೂ ಅದಿರನ್ನು ಬೇಡವೆಂದು ತಿರುಗಿಸಿಬಿಟ್ಟಿದ್ದರು.

ಗಣಿ ಕಡೆಯವರಿಗೆ ಇದರ ಅರ್ಥ ಬೇರೆ ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಅದಿರನ್ನು ಕದ್ದು ಸಾಗಿಸಿ, ರಾಶಿ ತಗ್ಗದಂತೆ ಕೆಮ್ಮಣ್ಣು ಬೆರೆಸುವ ಕಳ್ಳತನ ಅಲ್ಲಿ ಹಳೆಯದು. ಬೆರೆಸುವವನು ಯಾರು? ರಾಶಿ ಕಾಯುವವನೇ.

ಎರಡನೇ ಪಾಲಿನ ಮೂಸೆ ಕುಲುಮೆಯಲ್ಲಿ ಕೆಂಪಗೆ ಕಾಯುತ್ತಿದ್ದಾಗ ಅಂಗಳಕ್ಕೆ ಜೀಪು ಬಂತು. ಅದರಿಂದ ಮೂವರು ಆಳುಗಳು ಇಳಿದು, ಹಿಂದಿನಿಂದ ಒಂದು ಮೂಟೆಯನ್ನು ಎಳೆದು ನೆಲಕ್ಕೆ ಕೆಡವಿದರು. ಮೂಟೆ ನರಳಿತು. ಆಗ ಸರ್ವಮಂಗಳಳಿಗೆ ಅದು ತನ್ನ ತಮ್ಮ ಎಂದು ಗೊತ್ತಾಯಿತು. ಒಂದು ಕಣ್ಣು ಊದಿ ಮುಚ್ಚಿತ್ತು. ಕಿವಿಯಿಂದ ಇಳಿದ ರಕ್ತ ಕತ್ತಿನ ಧೂಳಿನಲ್ಲಿ ಕಪ್ಪಗೆ ಹೆಪ್ಪುಗಟ್ಟಿತ್ತು. ಕೈಗಳನ್ನು ಲಾರಿ ಕಟ್ಟುವ ಹಗ್ಗದಿಂದ ಬಿಗಿದಿದ್ದರು.

ಮರುಳಸಿದ್ದಪ್ಪ ಕೊನೆಯಲ್ಲಿ ಇಳಿದ. ಹಣೆಯ ತುಂಬ ವಿಭೂತಿ ಧರಿಸುವ, ಮಠದ ದಾಸೋಹಕ್ಕೆ ಪ್ರತಿ ವರ್ಷ ಅಕ್ಕಿ ಕಳಿಸುವ ಮನುಷ್ಯ. ಕೈಯಲ್ಲಿ ಪಿಕಾಸಿಯಿಂದ ಕಳಚಿದ ಮರದ ಕಾವು ಇತ್ತು. ಪರೀಕ್ಷೆ ಕಟ್ಟಡದ ಮಾಲೀಕರು ಊರಲ್ಲಿರಲಿಲ್ಲ, ಕಾವಲುಗಾರ ಹಿಂದಿನ ಬೇಲಿ ಹಾರಿ ಓಡಿದ. ಫೋನುಗಳನ್ನೆಲ್ಲ ಇಸಿದುಕೊಂಡು ಮರುಳಸಿದ್ದಪ್ಪ ತನ್ನ ಜೇಬಿಗೆ ಹಾಕಿಕೊಂಡ. ದಿವ್ಯಾ ಪೊಲೀಸರನ್ನು ಕರೆಸುತ್ತೇನೆ ಎಂದದ್ದಕ್ಕೆ ಅವನು ಕಾವಿನಿಂದ ಮೇಜಿನ ಮೇಲಿನ ಗಾಜಿನ ಸಾಲನ್ನು ಒಮ್ಮೆ ಸವರಿದ. ಆಸಿಡ್ಡು ನೆಲಕ್ಕೆ ಬಿದ್ದು ಸಿಮೆಂಟು ಬುಸುಗುಟ್ಟಿತು.

ಅವನ ಷರತ್ತು ಸರಳವಾಗಿತ್ತು. ಇನ್ನೊಂದು ಸಲ ತನ್ನ ಕಣ್ಣೆದುರು ತೂಗಬೇಕು. ಮಣ್ಣು ಇಲ್ಲ ಎಂದಾದರೆ ಹುಡುಗನನ್ನು ತಾನೇ ಆಸ್ಪತ್ರೆಗೆ ಒಯ್ಯುತ್ತಾನೆ. ಮಣ್ಣು ಇದೆ ಎಂದಾದರೆ, ರಾಶಿಗೆ ಮಣ್ಣು ಸುರಿದ ಕೈಗಳು ಈ ಅಂಗಳದಲ್ಲೇ ಹಿಟ್ಟಾಗುತ್ತವೆ. ಆಳುಗಳು ಆಗಲೇ ಕಬ್ಬಿಣದ ಒರಳನ್ನು ಅಂಗಳದ ನಡುವಿಗೆ ಉರುಳಿಸಿ ತಂದಿದ್ದರು.

ದಿವ್ಯಾ ಲೆಕ್ಕ ಹಾಕಿ ಒಂದು ಅಂಕಿ ಹೇಳಿದಳು. ತಕ್ಕಡಿಯ ಅಂಕಿ ಇದನ್ನು ದಾಟಿದರೆ ಮಣ್ಣು ಬೆರೆತಿದೆ, ದಾಟದಿದ್ದರೆ ಇಲ್ಲ. ತಾನೇ ತೂಗುತ್ತೇನೆ ಎಂದಳು. ಮರುಳಸಿದ್ದಪ್ಪ ತಲೆಯಾಡಿಸಿದ.

"ಬ್ಯಾಡಮ್ಮ. ದಿನಾ ಯಾರು ತೂಗ್ತಾರೋ ಅವ್ರೇ ತೂಗ್ಲಿ. ತಮ್ಮನ ಕೈ ಪಣಕ್ಕೈತೆ, ಅಕ್ಕನ ಕೈ ನಡುಗಲ್ಲ."

ಸರ್ವಮಂಗಳ ಉದ್ದನೆಯ ಇಕ್ಕಳದಿಂದ ಮೂಸೆಯನ್ನು ಕುಲುಮೆಯಿಂದ ತೆಗೆದಳು. ಅದು ಇನ್ನೂ ಕೆಂಡದ ಬಣ್ಣದಲ್ಲಿತ್ತು. ಜಾಡಿಯೊಳಗಿಟ್ಟು ಮುಚ್ಚಿದಳು. ಆರುವ ತನಕ ಕಾಯಬೇಕು ಎಂದಳು. ಮರುಳಸಿದ್ದಪ್ಪ ಹೂಂಗುಟ್ಟಿ ಕುರ್ಚಿ ಎಳೆದುಕೊಂಡು ಕೂತ. ಆದರೆ ಹೊರಗಿನವರಿಗೆ ಕಾಯಲು ಬರಲಿಲ್ಲ. ಬೇಸರ ಕಳೆಯಲೆಂಬಂತೆ ಅವರು ಕಲ್ಲೇಶನನ್ನು ಒದೆಯುತ್ತಿದ್ದರು. ಪ್ರತಿ ಒದೆತಕ್ಕೂ ಅವನ ಎದೆಯಿಂದ ಹೊರಟ ಉಸಿರು ಕಿಟಕಿಯ ಮೂಲಕ ಒಳಗೆ ಕೇಳುತ್ತಿತ್ತು. ಒಮ್ಮೆ ಅವನು ಅಕ್ಕಾ ಎಂದ. ಆಮೇಲೆ ಅದನ್ನೂ ಅನ್ನಲಿಲ್ಲ.

ಕಲ್ಲೇಶ್ ಮಣ್ಣು ಬೆರೆಸುವವನಲ್ಲ ಎಂದು ಅವಳಿಗೆ ಗೊತ್ತು. ಆದರೆ ಮೊದಲ ಪಾಲನ್ನು ತೂಗಿದವಳೂ ಅವಳೇ, ಅಂಕಿಯನ್ನು ಕಣ್ಣಾರೆ ಕಂಡವಳೂ ಅವಳೇ. ಎರಡನೆಯದೂ ಹಾಗೇ ಬಂದರೆ? ಆಗ ಅವಳಿಗೆ ಬಿಸಿ ಮೂಸೆಯ ನೆನಪಾಯಿತು. ಬಿಸಿ ಇದ್ದಾಗಲೇ ಇಟ್ಟುಬಿಟ್ಟರೆ ತೂಕ ಕಡಿಮೆ ತೋರಿಸುತ್ತದೆ. ಅಂಕಿ ಕಾಣಿಸಿದ ತಕ್ಷಣ ಓದಿ ತೆಗೆದುಬಿಟ್ಟರೆ ಈ ಮನುಷ್ಯನಿಗೆ ಏನು ಗೊತ್ತಾಗುತ್ತದೆ?

ಅವಳು ಜಾಡಿಯ ಮುಚ್ಚಳ ಸರಿಸಿದಳು. ದಿವ್ಯಾ ತಲೆಯೆತ್ತಿ ನೋಡಿದಳು, ಅರ್ಥವಾಯಿತು, ಮತ್ತೆ ತಲೆ ತಗ್ಗಿಸಿದಳು.

ತಕ್ಕಡಿಯ ಅಂಕಿ ಬೆಳಗಿತು. ಗಡಿಗಿಂತ ಎಷ್ಟೋ ಕೆಳಗಿತ್ತು. ಸರ್ವಮಂಗಳ ಅಂಕಿಯನ್ನು ಓದಿ ಹೇಳಿ, ಇಕ್ಕಳಕ್ಕೆ ಕೈ ಹಾಕಿದಳು. ಮರುಳಸಿದ್ದಪ್ಪ ಅವಳ ಮಣಿಕಟ್ಟು ಹಿಡಿದ. ಅಂಕಿ ಏರುತ್ತಿತ್ತು. ನಿಂತು, ಮತ್ತೆ ಏರುತ್ತಿತ್ತು. ಮೆಟ್ಟಿಲು ಹತ್ತುವ ಮುದುಕನ ಹಾಗೆ ಒಂದೊಂದಾಗಿ ಹತ್ತಿ ಗಡಿಯ ಹತ್ತಿರ ಬಂತು.

"ಯಾಕಿದು ಏರ್ತೈತೆ?"

ಅಂಕಿ ಗಡಿ ದಾಟಿತು. ಅವನಿಗೆ ತಕ್ಕಡಿಯ ವಿದ್ಯೆ ಗೊತ್ತಿರಲಿಲ್ಲ, ಮೋಸದ ವಾಸನೆ ಗೊತ್ತಿತ್ತು. ಹಿಡಿದ ಮಣಿಕಟ್ಟನ್ನು ತಿರುಚಿ ಅವಳ ಕೆನ್ನೆಗೆ ಬಾರಿಸಿದ. ತಲೆ ಗೋಡೆಗೆ ಬಡಿದು ಕಿವಿಯಲ್ಲಿ ಗುಂಯ್ ಎಂದಿತು. ಅವನು ಕಿಟಕಿಯಿಂದ ಹೊರಗೆ ನೋಡಿ ಗದ್ದ ಆಡಿಸಿ ಸನ್ನೆ ಮಾಡಿದ, ಅಷ್ಟೇ.

ಇಬ್ಬರು ಹಗ್ಗ ಬಿಚ್ಚಿ ಕಲ್ಲೇಶನ ಎಡಗೈಯನ್ನು ಒರಳಿಗೆ ತುರುಕಿದರು. ಮೂರನೆಯವನು ಒನಕೆ ಎತ್ತಿದ. ಕಲ್ಲು ಕುಟ್ಟುವ ಸದ್ದು ಆ ಕಟ್ಟಡದ ಗೋಡೆಗಳಿಗೆ ಹೊಸದಲ್ಲ. ಇದು ಬೇರೆ ಸದ್ದು, ಹಸಿ ಕಬ್ಬು ಮುರಿದ ಹಾಗೆ. ಅದರ ಹಿಂದೆಯೇ ಬಂದ ಕೂಗು ಮನುಷ್ಯರದ್ದೋ ಪ್ರಾಣಿಯದ್ದೋ ಹೇಳಲಾಗುತ್ತಿರಲಿಲ್ಲ. ಎರಡನೇ ಸಲ ಒನಕೆ ಏಳುವಷ್ಟರಲ್ಲಿ ಕಲ್ಲೇಶ್ ಒಪ್ಪಿಕೊಂಡ. ಹೌದು, ನಾನೇ ಬೆರೆಸಿದ್ದು. ಯಾರ ಲಾರಿಯಲ್ಲಿ ಅದಿರು ಸಾಗಿಸಿದೆ ಎಂದರು. ತಿಮ್ಮೇಶನ ಲಾರಿ ಎಂದ. ತಿಮ್ಮೇಶ್ ತುರುವನೂರಿನ ಕುರುಬರ ಹುಡುಗ, ಅದೇ ಗಣಿಯ ಲಾರಿ ಡ್ರೈವರ್, ಕಲ್ಲೇಶನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ಹೆಸರು ಬಾಯಿಂದ ಬಿದ್ದದ್ದೇ ಇಬ್ಬರು ಆಳುಗಳು ಕಾವಲುಗಾರ ಬಿಟ್ಟು ಓಡಿದ್ದ ಬೈಕು ಹತ್ತಿ ಹೊರಟರು.

ಒಳಗೆ ಸರ್ವಮಂಗಳ ಗೋಡೆ ಹಿಡಿದು ಎದ್ದು ನಿಂತಿದ್ದಳು. ಆ ಕೂಗಿಗೆ ಅವಳ ಬುದ್ಧಿಯೆಲ್ಲ ಸೋರಿಹೋಗಿತ್ತು. ಇಕ್ಕಳ ಮರೆತು, ಇಷ್ಟಕ್ಕೆಲ್ಲ ಕಾರಣ ನೀನೇ ಎನ್ನುವ ಹಾಗೆ ಮೂಸೆಯನ್ನು ಬರಿಗೈಯಲ್ಲಿ ಹಿಡಿದುಬಿಟ್ಟಳು. ಚರ್ಮ ಸುರ್ ಎಂದಿತು. ಕಿತ್ತುಕೊಂಡ ಬೆರಳ ತುದಿಗಳನ್ನು ಬಾಯಿಗೆ ಒಯ್ಯುವಾಗ ಕಂಡಳು, ಸುಟ್ಟ ಕೆಂಪಿನ ಮೇಲೆ ಬಿಳಿ ಪುಡಿ ಅಂಟಿತ್ತು.

ಪಿಂಗಾಣಿ ಬಿಳುಪು ಬಿಡುವುದಿಲ್ಲ.

ಅವಳು ಬಗ್ಗಿ ಮೂಸೆಯ ಹೊಟ್ಟೆಯನ್ನು ನೋಡಿದಳು. ಬಿಳಿಯ ಮೇಲೆ ಬಿಳಿ, ಕಣ್ಣಿಗೆ ಹತ್ತುವಂಥದ್ದಲ್ಲ. ಇಕ್ಕಳದಿಂದ ಎತ್ತಿ ಬೆಳಕಿಗೆ ಹಿಡಿದಾಗ ಮಾತ್ರ ಮೂರು ಅಡ್ಡ ಗೆರೆಗಳು ಉಬ್ಬಿ ಕಾಣಿಸಿದವು.

ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಚೆಂಡು ಹೂವು, ಕುಂಕುಮ ಏರಿತ್ತು. ತಕ್ಕಡಿಗೆ ಮಾತ್ರ ಏನನ್ನೂ ಹಚ್ಚಬಾರದು, ಕಣ್ಣಿಗೆ ಕಾಣದ ಪುಡಿಯೂ ತೂಕ ಕೆಡಿಸುತ್ತದೆ ಎಂದು ದಿವ್ಯಾ ಹೇಳಿದ್ದಳು. ಸರ್ವಮಂಗಳ ತಕ್ಕಡಿಯನ್ನು ಮುಟ್ಟಲಿಲ್ಲ. ಆದರೆ ಸಿಟ್ಟಿಳಿಸೋ ಜಾಡಿಯೊಳಗೆ ಮೂಸೆಗಳು, ಬರಿ ತೂಕ ತೆಗೆದು ಸಿದ್ಧವಾಗಿ ಕೂತಿದ್ದವು. ವರ್ಷವಿಡೀ ಬೆಂಕಿಯಲ್ಲಿ ಬೀಳುವ ಇವಕ್ಕೇ ಪೂಜೆ ಇಲ್ಲವೆಂದರೆ ಹೇಗೆ ಎಂದುಕೊಂಡಳು. ವಿಭೂತಿಯನ್ನು ನೀರಲ್ಲಿ ನೆನೆಸಿ, ಒಂದೊಂದನ್ನೇ ಎತ್ತಿ, ಮಕ್ಕಳ ಹಣೆಗೆ ಹಚ್ಚುವ ಹಾಗೆ ಮೂರು ಬೆರಳಿನಿಂದ ಎಳೆದು ಮತ್ತೆ ಇಟ್ಟುಬಿಟ್ಟಿದ್ದಳು. ಒಣಗಿದ ಮೇಲೆ ಅದು ಪಿಂಗಾಣಿಯಲ್ಲಿ ಪಿಂಗಾಣಿಯಾಯಿತು. ರಜೆ ಮುಗಿಯಿತು, ಅವಳೂ ಮರೆತಳು. ಕಾಗದವಾದರೆ ಉರಿದುಹೋಗುತ್ತದೆ. ವಿಭೂತಿ ಮೊದಲೇ ಸುಟ್ಟು ಬೂದಿಯಾದದ್ದು, ಅದನ್ನು ಇನ್ನಾವ ಬೆಂಕಿ ಸುಡಬೇಕು? ಅದಿರಿನ ಮಣ್ಣು ಎಂದು ತೂಗಿದ್ದರಲ್ಲಿ ಅರ್ಧಕ್ಕರ್ಧ ಅವಳ ಮೂರು ಗೆರೆಯೇ ಇತ್ತು.

ಅವಳು ಬೆರಳುಗಳನ್ನು ಮರುಳಸಿದ್ದಪ್ಪನ ಮುಖದ ಮುಂದೆ ಹಿಡಿದಳು.

"ಇದು ಮಣ್ಣಲ್ಲ ಅಣ್ಣ. ನಿಮ್ಮ ಹಣೆ ಮ್ಯಾಲೆ ಐತಲ್ಲ, ಅದೇ. ಪೂಜೆ ದಿನ ನಾನೇ ಹಚ್ಚಿದ್ದು."

ಅವನು ತುಸು ಹೊತ್ತು ಆ ಬೆರಳುಗಳನ್ನೇ ನೋಡಿದ. ಆಮೇಲೆ, ನಿನ್ನ ತಮ್ಮ ತಾನೇ ಬಾಯಿಬಿಟ್ಟನಲ್ಲ, ಇನ್ನು ನಿನ್ನ ತಕ್ಕಡಿ ಯಾರಿಗೆ ಬೇಕು ಎಂದ.

"ಒರಳಿಗೆ ಕೈ ಹಾಕಿದ್ರೆ ನೀವೂ ಬಾಯಿ ಬಿಡ್ತೀರಿ," ಎಂದಳು ಸರ್ವಮಂಗಳ. "ತೊಳ್ದು ತೂಗ್ತೀನಿ. ಆಮೇಲೆ ಏನಾರ ಮಾಡ್ಕಳ್ರಿ."

ವಿಭೂತಿಯ ಮೇಲೆ ಸುಳ್ಳು ಹೇಳುವ ಹೆಂಗಸು ಇರಲಾರಳು ಎಂದುಕೊಂಡನೋ, ಕಳ್ಳತನ ಆಗಿಲ್ಲವೆಂದಾದರೆ ತನಗೂ ಲಾಭ ಎಂದುಕೊಂಡನೋ, ಅವನು ಕಾವನ್ನು ಗೋಡೆಗೆ ಒರಗಿಸಿದ. ತಿಮ್ಮೇಶನ ಕಡೆ ಹೋದವರನ್ನು ಫೋನು ಮಾಡಿ ನಿಲ್ಲಿಸಿ ಎಂದು ಅವಳು ಕೈ ಮುಗಿದಳು. ತೂಕ ಬರಲಿ ಎಂದ.

ದಿವ್ಯಾ ಒಳಗಿನ ಪುಡಿ ಚೆಲ್ಲದಂತೆ ಮೂಸೆಯನ್ನು ಇಕ್ಕಳದಲ್ಲಿ ಹಿಡಿದಳು, ಸರ್ವಮಂಗಳ ಒದ್ದೆ ಬಟ್ಟೆಯಿಂದ ಅದರ ಹೊರಮೈಯನ್ನು ತಿಕ್ಕಿ ತಿಕ್ಕಿ ಒರೆಸಿದಳು. ಬೆರಳ ಬೊಬ್ಬೆಗಳು ಒಡೆದು ಬಟ್ಟೆಗೆ ನೀರು ಅಂಟುತ್ತಿತ್ತು. ಮತ್ತೆ ಕುಲುಮೆ. ಮತ್ತೆ ಜಾಡಿ. ಮತ್ತೆ ಕಾಯುವುದು.

ಅಂಗಳದಲ್ಲಿ ಕಲ್ಲೇಶನ ಕೈಗೆ ಅವನದೇ ಅಂಗಿ ಸುತ್ತಿದ್ದರು. ಅಂಗಿ ನೆನೆದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ತೂಕ ಆಗದೆ ಅವನನ್ನು ಕದಲಿಸುವುದಿಲ್ಲ ಎಂದು ಉಳಿದ ಆಳು ಜೀಪಿಗೆ ಒರಗಿ ಬೀಡಿ ಹಚ್ಚಿದ. ದಿವ್ಯಾಳಿಗೆ ತಡೆಯಲಾಗಲಿಲ್ಲ. ಸಾಕು ಸರ್ವಮಂಗಳಕ್ಕ, ಇಟ್ಟುಬಿಡಾಣ, ಅವನು ಸಾಯ್ತಾನೆ ಎಂದು ಪಿಸುಗುಟ್ಟಿದಳು. ಸರ್ವಮಂಗಳ ಜಾಡಿಯ ಮೇಲೆ ಅಂಗೈ ಇಟ್ಟಳು. ಗಾಜು ಇನ್ನೂ ಬೆಚ್ಚಗಿತ್ತು.

"ಇನ್ನೊಂದ್ಸಲ ಅಂಕಿ ಓಡಿದ್ರೆ ಈ ಮನುಷ್ಯ ನಂಬಲ್ಲ ಮೇಡಂ. ತಣ್ಣಗಾಗ್ಲಿ."

ತಮ್ಮನ ನರಳಾಟ ಕೇಳುತ್ತಾ, ಅದು ನಿಂತರೆ ಯಾಕೆ ನಿಂತಿತೋ ಎಂದು ಜೀವ ಹಾರುತ್ತಾ, ಅವಳು ಕೈ ತೆಗೆಯದೆ ನಿಂತಳು. ಗಣಿಗೆ ಹೋಗುವ ಹೊಸದುರ್ಗದ ರಸ್ತೆಯಲ್ಲಿ ಬೈಕು ಎಲ್ಲಿಗೆ ಮುಟ್ಟಿರಬಹುದು ಎನ್ನುವುದನ್ನೂ ಮನಸ್ಸು ಅಳೆಯುತ್ತಿತ್ತು. ಗಾಜು ಅವಳ ಅಂಗೈಗಿಂತ ತಣ್ಣಗಾದ ಮೇಲೆ ಮುಚ್ಚಳ ಸರಿಸಿದಳು. ಇಕ್ಕಳದಿಂದ ಎತ್ತಿ ತಕ್ಕಡಿಯಲ್ಲಿಟ್ಟು, ಗಾಜಿನ ಬಾಗಿಲು ಮುಚ್ಚಿ, ಕೈ ಹಿಂದಕ್ಕೆ ಕಟ್ಟಿಕೊಂಡಳು.

ಅಂಕಿ ಬಂತು. ನಿಂತಿತು. ಗಡಿಯ ಕೆಳಗೇ ನಿಂತಿತು. ಮರುಳಸಿದ್ದಪ್ಪ ಅದು ಏರುತ್ತದೆಂದು ಬಹಳ ಹೊತ್ತು ಕಾದ. ಏರಲಿಲ್ಲ.

ಅವನು ಜೇಬಿಂದ ಫೋನು ತೆಗೆದು ಬೈಕಿನವರಿಗೆ ಮಾಡಿದ. ಆ ಕಡೆಯ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

"ಆತು ಅಣ್ಣ. ಪಂಚರ್ ಅಂಗಡಿ ತಾವ ಸಿಕ್ದ. ಎರಡು ಕಾಲೂ ಆತು."

ಮರುಳಸಿದ್ದಪ್ಪ ಉಳಿದ ಫೋನುಗಳನ್ನು ಮೇಜಿನ ಮೇಲೆ ಸುರಿದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದ. ಹುಡುಗನನ್ನು ತಾನೇ ಆಸ್ಪತ್ರೆಗೆ ಒಯ್ಯುತ್ತೇನೆ ಎಂದಿದ್ದ ಮಾತು ಅವನಿಗೆ ನೆನಪಾಗಲಿಲ್ಲ. ಜೀಪು ಒರಳನ್ನು ಸವರಿಕೊಂಡೇ ಹೋಯಿತು. ಪೊಲೀಸರು ಅವನನ್ನು ಆಮೇಲೆ ಹಿರಿಯೂರಿನ ಆಚೆ, ಒಬ್ಬ ನೆಂಟರ ತೋಟದ ಮನೆಯಲ್ಲಿ ಹಿಡಿದರು. ಠಾಣೆಯಲ್ಲಿ ಸರ್ವಮಂಗಳ ವಿಭೂತಿ ಹಚ್ಚಿದ್ದನ್ನೂ ಹೇಳಿದಳು, ಬಿಸಿ ಮೂಸೆ ತೂಗಿ ಮೋಸ ಮಾಡಲು ಹೋದದ್ದನ್ನೂ ಹೇಳಿದಳು. ಬರೆದುಕೊಳ್ಳುತ್ತಿದ್ದವರು ಅದೆಲ್ಲ ಯಾಕಮ್ಮ ಎಂದರು. ಹೊಡೆದವರು ಯಾರು ಅಷ್ಟೇ ಸಾಕು ಎಂದರು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕಲ್ಲೇಶನ ಎಡಗೈಯಲ್ಲಿ ಹೆಬ್ಬೆರಳನ್ನು ಮಾತ್ರ ಉಳಿಸಿದರು. ತಿಮ್ಮೇಶನನ್ನೂ ಅಲ್ಲಿಗೇ ತಂದಿದ್ದರು. ಎಲುಬು ಮುರಿದವರ ವಾರ್ಡಿನಲ್ಲಿ ಇಬ್ಬರ ಮಂಚಗಳೂ ಅಕ್ಕಪಕ್ಕ ಬಂದವು. ತಿಮ್ಮೇಶನ ಹೆಂಡತಿ ಓಬಕ್ಕ ಹಸಿ ಬಾಣಂತಿ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು, ರವಿಕೆ ಹಾಲಿನಿಂದ ನೆನೆಯುತ್ತಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ಇಬ್ಬರನ್ನೂ ಒಬ್ಬನೇ ಹಾಳು ಮಾಡಿದ ಎಂದು ಮರುಳಸಿದ್ದಪ್ಪನ ವಂಶಕ್ಕೆಲ್ಲ ಮಣ್ಣು ತೂರಿ ಬೈಯುತ್ತಿದ್ದಳು. ತಾನು ತಂದ ರಾಗಿ ಗಂಜಿಯಲ್ಲಿ ಕಲ್ಲೇಶನಿಗೂ ಒಂದು ಲೋಟ ಕುಡಿಸುತ್ತಿದ್ದಳು. ಅವನು ಕಣ್ಣು ಮುಚ್ಚಿ ಕುಡಿಯುತ್ತಿದ್ದ.

ಸರ್ವಮಂಗಳ ನೋಡುತ್ತಿದ್ದಳು. ತಮ್ಮ ಹೇಳಲಿ ಎಂದು ಕಾಯುತ್ತಿದ್ದಳು. ತಾನು ಹೇಳಿದರೆ ಅದು ಚಾಡಿಯಾಗುತ್ತದೆ, ಅವನು ಹೇಳಿದರೆ ಮಾತ್ರ ಮಾತು. ಅವನು ಇವತ್ತು ಹೇಳಿಯಾನು, ನಾಳೆ ಹೇಳಿಯಾನು ಎಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೇ ಇದ್ದಳು. ಸುಟ್ಟ ಬೆರಳುಗಳಿಗೆ ಹೊಸ ಚರ್ಮ ಬರುತ್ತಿತ್ತು.

ಒಂದು ಬೆಳಿಗ್ಗೆ ಓಬಕ್ಕ ಎರಡನೇ ಲೋಟ ಹಿಡಿದು ಬಂದಾಗ ಕಲ್ಲೇಶ್ ಬಾಯಿ ತೆರೆಯಲಿಲ್ಲ. ಮುಖ ತಿರುಗಿಸಿ, ಸೂರಿನ ಫ್ಯಾನಿಗೆ ಹೇಳುವವನ ಹಾಗೆ, ನಿನ್ನ ಹೆಸರು ಹೇಳಿದ್ದು ನಾನು ಕಣಲೇ ತಿಮ್ಮೇಶ ಎಂದ.

ಓಬಕ್ಕನ ಕೈಯ ಲೋಟ ಅವನ ಎದೆಗೆ ಬಿತ್ತು. ಬಿತ್ತೋ, ಬೀಸಿದಳೋ. ಬಿಸಿ ಗಂಜಿ ಬ್ಯಾಂಡೇಜಿನ ಮೇಲೆಲ್ಲ ಹರಿಯಿತು. ಅವನು ಕೊಡವಿಕೊಳ್ಳಲಿಲ್ಲ. ಪಕ್ಕದ ಮಂಚದಲ್ಲಿ ತಿಮ್ಮೇಶ್ ಮೊಣಕೈ ಊರಿ ಏಳಲು ನೋಡಿದ. ತೂಗುಹಾಕಿದ್ದ ಕಾಲುಗಳು ಜಗ್ಗಿ ಮುಖ ವಿಕಾರವಾಯಿತು.

"ಊರಲ್ಲಿ ಅಷ್ಟು ಜನ ಡ್ರೈವರ್ ಅವ್ರೆ. ನನ್ನ ಹೆಸ್ರೇ ಯಾಕೆ ಬಂತಲೇ ನಿನ್ನ ಬಾಯಿಗೆ?"

ಕಲ್ಲೇಶ್ ಬ್ಯಾಂಡೇಜು ಸುತ್ತಿದ ಕೈಯನ್ನು ಹೊದಿಕೆಯ ಕೆಳಗೆ ಎಳೆದುಕೊಂಡ.

"ಬ್ಯಾರೆ ಯಾರ ಹೆಸ್ರೂ ನೆನಪಾಗ್ಲಿಲ್ಲ," ಎಂದ.

ತಿಮ್ಮೇಶ್ ಹಿಂದಕ್ಕೆ ಒರಗಿದ. ಓಬಕ್ಕ ಗಂಡನ ಮಂಚದ ತಲೆಯ ಕಡೆಯ ಕಂಬಿ ಹಿಡಿದು, ಆಚೆ ಗೋಡೆಯ ಕಡೆಗೆ ಎಳೆಯತೊಡಗಿದಳು. ಹಸಿ ಮೈ, ಕಬ್ಬಿಣದ ಮಂಚ, ಮೇಲೆ ಎರಡು ಕಾಲಿಗೂ ತೂಕದ ಕಲ್ಲು ಕಟ್ಟಿದ ಗಂಡಸು. ಮಂಚ ಒಂದು ಗೇಣು ಕದಲಿ, ಕಿರ್ರೆಂದು ನೆಲ ಕೆರೆದು ನಿಂತಿತು. ಅವಳು ಮತ್ತೆ ಜಗ್ಗಿದಳು. ವಾರ್ಡಿನಲ್ಲಿದ್ದವರು ಯಾರೂ ಏಳಲಿಲ್ಲ.

ಸರ್ವಮಂಗಳ ಸ್ಟೂಲಿನಿಂದ ಎದ್ದು, ಮಂಚದ ಕಾಲಿನ ಕಡೆಗೆ ಹೋಗಿ, ಕಂಬಿ ಹಿಡಿದು ನೂಕಿದಳು. ಓಬಕ್ಕ ಅವಳನ್ನು ಒಮ್ಮೆ ನೋಡಿದಳು. ಬೇಡ ಎನ್ನಲಿಲ್ಲ. ಇಬ್ಬರೂ ಸೇರಿ ಮಂಚವನ್ನು ಆಚೆಯ ಗೋಡೆಗೆ ಸೇರಿಸಿದರು.